ನಾಲ್ಕನೇ ಬೋರಿನ ಕಲ್ಲು

ಲಾರ್ಮೋ ಕಣಿವೆ, ಕಾರ್ಗಿಲ್ ಜಿಲ್ಲೆ
2 ಜುಲೈ 2023

ಬಸುಕಾಕಾ, ನಮಸ್ಕಾರ.

ನಾನು ಸುಹಾಸಿನಿ, ಬೆಳಗಾವಿ ಹಿಂದವಾಡಿಯ ಭೂಪಾಲ ಅವರ ಮಗಳು. ನೀವು ನನ್ನನ್ನು ಕೊನೆಯ ಸಲ ನೋಡಿದಾಗ ನಾನು ತೊಟ್ಟಿಲಲ್ಲಿದ್ದೆ. ತೀರಿಹೋದ ಅವ್ವ ನಿಮ್ಮ ಮಾತು ತೆಗೆದಾಗಲೆಲ್ಲ ಬಸುಕಾಕಾ ಎಂದೇ ಹೇಳುತ್ತಿದ್ದಳು, ಹಾಗಾಗಿ ಬೇರೆ ರೀತಿ ಕರೆಯಲು ನನಗೆ ಬರುವುದಿಲ್ಲ. ನಿಮಗೆ ಕಿವಿ ಕೇಳಿಸುವುದಿಲ್ಲ, ಫೋನಿನ ಹತ್ತಿರವೂ ಹೋಗುವುದಿಲ್ಲ ಎಂದು ತಮ್ಮ ವಿಪುಲ ಯಾರಿಂದಲೋ ತಿಳಿದು ನಿಮ್ಮ ವಿಳಾಸ ಕೊಟ್ಟ. ಈ ಕಣಿವೆಯಲ್ಲಿ ನೆಟ್‌ವರ್ಕೂ ಇಲ್ಲ. ರೇಷನ್ ತರುವ ಜೀಪು ಕಾರ್ಗಿಲ್‌ಗೆ ಇಳಿಯುವಾಗ ಕಾಗದವೂ ಇಳಿಯುತ್ತದೆ.

ಹೌದು, ನೀವೂ ಅಪ್ಪನೂ ಬೋರು ಹೊಡೆಸಿದ ಅದೇ ಲಾರ್ಮೋ. ಹಳೆಯ ಅದಿರಿನ ಜಾಗಗಳನ್ನು ಮತ್ತೊಮ್ಮೆ ಪರೀಕ್ಷಿಸುವ ಕೆಲಸ ನಮ್ಮ ಕಂಪನಿಗೆ ಸಿಕ್ಕಿದೆ. ಪಟ್ಟಿಯಲ್ಲಿ ಈ ಹೆಸರು ಕಂಡು ನಾನೇ ಕೇಳಿಕೊಂಡು ಬಂದೆ. ಊರವರ ಅಜ್ಜಂದಿರು ಇಲ್ಲಿಯ ಸೀಸ ಕರಗಿಸಿ ಬಂದೂಕಿನ ಗುಂಡು ಮಾಡುತ್ತಿದ್ದರಂತೆ. ಆ ಕಿಟ್ಟದ ಗುಡ್ಡೆಗಳು ಇನ್ನೂ ಇವೆ. ಆಮೇಲೆ ಒಬ್ಬ ಬ್ರಿಟಿಷ್ ಸರ್ವೇಯರ್ ಕುದುರೆಯ ಮೇಲೆ ಬಂದು ಎರಡು ಸಾಲು ಬರೆದು ಹೋದ. ಅರವತ್ತರ ದಶಕದಲ್ಲಿ ಯಾರೋ ಅರ್ಧ ನಕ್ಷೆ ಮಾಡಿದರು. ಎಂಬತ್ತೇಳರಲ್ಲಿ ಭೂವಿಜ್ಞಾನ ಇಲಾಖೆಯಿಂದ ನೀವಿಬ್ಬರು ಬಂದಿರಿ, ಎಂಬತ್ತೆಂಟರಲ್ಲಿ "ಇಲ್ಲಿ ಏನೂ ಇಲ್ಲ" ಎಂದು ಷರಾ ಬರೆದು ಇಲಾಖೆ ಬಾಗಿಲು ಹಾಕಿಕೊಂಡಿತು. ಈಗ ನಾನು.

ನಿಮ್ಮ ಕೋರುಗಳು ಇನ್ನೂ ಇವೆ, ಕಾಕಾ. ಬೋರಿನಿಂದ ತೆಗೆದ ಆ ಉದ್ದನೆಯ ಕಲ್ಲಿನ ತುಂಡುಗಳು ಪೆಟ್ಟಿಗೆಗಳಲ್ಲಿ ಸಾಲುಸಾಲಾಗಿ ಮಲಗಿವೆ. ಒಂದು ಮುಚ್ಚಳದ ಒಳಗೆ ಕನ್ನಡದಲ್ಲಿ "ಭೂಪ್ಯಾ ಕತ್ತಿ" ಎಂದು ಬರೆದಿದೆ. ಅಪ್ಪನನ್ನು ಕತ್ತೆ ಎನ್ನುವ ಧೈರ್ಯ ಇದ್ದವರು ಈ ಹಿಮಾಲಯದಲ್ಲಿ ಒಬ್ಬರೇ ಇದ್ದಿರಬೇಕು. ನೋಡಿ ನಕ್ಕೆ, ಆಮೇಲೆ ಅಲ್ಲೇ ಕುಳಿತು ಅತ್ತೆ.

ಅಪ್ಪನ ಕಿಡ್ನಿ ಎರಡೂ ಕೈಕೊಟ್ಟಿವೆ. ಡಯಾಲಿಸಿಸ್ ಬೇಡವೆಂದು ಹಟ. ನಾನು ಬಿಟ್ಟು ಬರಲಾರೆ ಎಂದಾಗ, "ಹಾದಿ ತೆರೆದಿರೂದ್ರಾಗ ಹೋಗಿ ನೋಡಿ ಬಾ" ಎಂದು ಅವರೇ ಕಳಿಸಿದರು. ನೀವಿಬ್ಬರೂ ಯಾಕೆ ಮಾತು ಬಿಟ್ಟಿರಿ ಎಂದು ಕೇಳಿದರೆ ಮಾತ್ರ ಗೋಡೆ ನೋಡುತ್ತಾರೆ. ನಿಮ್ಮ ಬೀಡಿ ಊರಿನಿಂದ ಹಿಂದವಾಡಿ ಎಷ್ಟು ದೂರ, ಕಾಕಾ? ಅವರು ಇರುವಷ್ಟರಲ್ಲಿ ಒಮ್ಮೆ ಹೋಗಿ ಬರುತ್ತೀರಾ?

ನಿಮ್ಮ ಮಗಳಂಥವಳು,
ಸುಹಾಸಿನಿ


ಬೀಡಿ, ತಾ. ಖಾನಾಪುರ
24 ಜುಲೈ 2023

ಸುಹಾಸಿನಿ,

ಕಾಗದ ತಲುಪಿತು. ಕಾರ್ಗಿಲ್ ಮುದ್ರೆ ನೋಡಿ ಪೋಸ್ಟಮನ್ ಕಲ್ಲಯ್ಯ, "ಮಿಲಿಟರಿಯಾಗ ಯಾರದಾರ್ರೀ ನಿಮ್ಮಾವ್ರು?" ಎಂದು ನನ್ನ ಕಿವಿಗೆ ಬಾಯಿ ಹಚ್ಚಿ ಕೂಗಿದ. ಓಣಿಗೆಲ್ಲ ಕೇಳಿತು, ನನಗೆ ಅರ್ಧ ಕೇಳಿತು. ಬೋರಿನ ಯಂತ್ರಗಳ ಬಾಜು ನಿಂತು ನಿಂತು ಆದದ್ದು. ಉಳಿದಂತೆ ಗಟ್ಟಿ ಇದ್ದೇನೆ.

ನೀನು ಕೇಳಿದ್ದಕ್ಕೆ ಉತ್ತರ: ಹೋಗುವುದಿಲ್ಲ.

ಯಾಕೆಂದು ನಿಮ್ಮಪ್ಪ ಹೇಳದಿದ್ದರೆ ನಾನು ಹೇಳುತ್ತೇನೆ. ನೀನೂ ಕಲ್ಲು ಓದಿದವಳು, ಆದರೂ ಕಲಿಸುವ ಚಟ ಬಿಡಲಾರೆ. ಹಳೆಯ ಸಮುದ್ರದ ತಳಕ್ಕೆ ರಾಡಿ ನೀರು ನುಗ್ಗಿದಾಗ ದಪ್ಪ ಮರಳು ಮೊದಲು ಕೂರುತ್ತದೆ, ನುಣ್ಣನೆಯ ಕೆಸರು ಆಮೇಲೆ. ಅಕ್ಕಿ ತೊಳೆಯುವಾಗ ಹರಳು ತಳ ಹಿಡಿಯುವುದಿಲ್ಲವೇ, ಹಾಗೆ. ಪದರ ನೆಟ್ಟಗಿದ್ದರೆ ದಪ್ಪ ಕೆಳಗೆ, ನುಣುಪು ಮೇಲೆ. ನಾಲ್ಕನೇ ಬೋರಿನ ಕೋರಿನಲ್ಲಿ ಪ್ರತಿ ಪದರದಲ್ಲೂ ದಪ್ಪ ಮೇಲಿತ್ತು. ಅಂದರೆ ಭೂಮಿ ಅದನ್ನು ಕೌದಿ ಮಡಚಿದ ಹಾಗೆ ಮಗುಚಿದೆ. ಮಗುಚಿದ್ದರೆ ಅದಿರು ಉತ್ತರಕ್ಕೆ ಇಳಿಯಬೇಕು. ನಾನು ಕಂಡದ್ದನ್ನು ಕಂಡಂತೆ ಬರೆದೆ. ಗುಡ್ಡ ಹತ್ತಿ ಇಳಿದು ನಕ್ಷೆ ಮಾಡಿದ್ದ ಭೂಪಾಲ, "ಪದರ ನೆಟ್ಟಗ ಐತಿ, ಅದಿರು ದಕ್ಷಿಣಕ್ಕ ಹೋಗೇತಿ" ಎಂದು ಹಟ ಹಿಡಿದ. ಮೇಲಿನವರು ಕೋರನ್ನು ನಂಬಿ ಉತ್ತರಕ್ಕೆ ಬೋರು ಹೊಡೆಸಿದರು. ಬರೀ ಬಂಡೆ ಬಂತು. ಲಾರ್ಮೋ ಮುಚ್ಚಿತು.

ಅಲ್ಲಿಗೇ ಮುಗಿದಿದ್ದರೆ ಎರಡು ದಿನ ಜಗಳವಾಡಿ ಮೂರನೇ ದಿನ ಚಹಾ ಕುಡಿಯುತ್ತಿದ್ದೆವು. ಆದರೆ ನಿಮ್ಮಪ್ಪ ಮೀಟಿಂಗಿನಲ್ಲಿ, ಎಲ್ಲ ಸಾಹೇಬರ ಮುಂದೆ, "ಬಸಲಿಂಗಪ್ಪ ಕಲ್ಲ ನೋಡೇ ಇಲ್ರೀ. ಡೇರೇದಾಗ ಕುಂತು ಬರದಾನ" ಎಂದ. ಯಾರಿಗೆ ಅಂದ ಗೊತ್ತೇ? ಅದೇ ನಾಲ್ಕನೇ ಬೋರು ನಡೆದಿದ್ದಾಗ ಆ ಎತ್ತರದ ಗಾಳಿಗೆ ಅವನ ಎದೆಯಲ್ಲಿ ನೀರು ತುಂಬಿತ್ತು. ಕುದುರೆಯ ಮೇಲೆ ಅವನನ್ನು ಅವಚಿ ಹಿಡಿದು ಕಾರ್ಗಿಲ್ ಆಸ್ಪತ್ರೆಗೆ ಇಳಿಸಿದವನು ನಾನು. ಪೆಟ್ಟಿಗೆ ಜೋಡಿಸುವ ನಮ್ಮ ನಾಗಲಿಂಗನೂ ಹೆಗಲು ಕೊಡಲು ಜೊತೆಗೆ ಬಂದಿದ್ದ. ಭೂಪಾಲ ಕಣ್ಣು ಬಿಡುವವರೆಗೆ ಅವನ ತಲೆದಿಂಬಿನ ಹತ್ತಿರ ಕುಳಿತೆ. ತಿರುಗಿ ಬಂದು, ತುಂಬಿಟ್ಟಿದ್ದ ಪೆಟ್ಟಿಗೆ ಒಂದೊಂದಾಗಿ ತೆಗೆದು, ಕೈ ಮರಗಟ್ಟಿದರೂ ಕಲ್ಲು ಒದ್ದೆ ಮಾಡಿ ಮಾಡಿ ನೋಡಿ ಬರೆದೆ.

ನನ್ನ ಊಹೆ ತಪ್ಪು ಎನ್ನಲಿ, ಒಪ್ಪುತ್ತೇನೆ. ನೋಡದೆ ಬರೆದವನು ಎಂದರೆ ನಾನು ಕಳ್ಳ. ಆ ಮಾತು ಇನ್ನೂ ನನ್ನ ಹೊಟ್ಟೆಯಲ್ಲಿದೆ.

ನೀನು ಬಿಸಿ ನೀರು ಕುಡಿ, ಏರು ಹತ್ತುವಾಗ ಅವಸರ ಮಾಡಬೇಡ. ನಿಮ್ಮಪ್ಪನ ಎದೆ ನಿನಗೂ ಬಂದಿದ್ದೀತು.

ಬಸಲಿಂಗಪ್ಪ


ಲಾರ್ಮೋ
18 ಆಗಸ್ಟ್ 2023

ಬಸುಕಾಕಾ,

ನಿಮ್ಮ ಕಾಗದ ಓದಿ ನಿಮ್ಮ ಮೇಲೆ ಸಿಟ್ಟು ಬರಲಿಲ್ಲ, ಅಪ್ಪನ ಮೇಲೆ ಬಂತು. ಕಾರ್ಗಿಲ್‌ಗೆ ಇಳಿದಾಗ ಫೋನಿನಲ್ಲಿ ಬಯ್ಯಬೇಕೆಂದಿದ್ದೆ. ಅವರ ದನಿ ಕೇಳಿ ಆಗಲಿಲ್ಲ. ಕಾಲು ಬಾತಿವೆಯಂತೆ, ಕಣ್ಣು ಮಂಜಾಗಿದೆಯಂತೆ. ಡಾಕ್ಟರು ವಿಪುಲನಿಗೆ "ಊಟ ಕೇಳಿದ್ದನ್ನ ಕೊಡ್ರಿ" ಅಂದಿದ್ದಾರೆ. ಹಾಗೆಂದರೆ ಏನರ್ಥ ಎಂದು ನಿಮಗೂ ಗೊತ್ತು.

ಪ್ರತಿ ವರ್ಷ ನಿಮಗೊಂದು ಕಾರ್ಡು ಬರುತ್ತಿತ್ತಲ್ಲ? ನಮ್ಮ ಜೈನರ ದಶಲಕ್ಷಣ ಪರ್ವ ಮುಗಿದ ಮೇಲೆ ಕ್ಷಮಾವಣಿ ಬರುತ್ತದೆ. ಅಂದು ಎಲ್ಲರೂ ಎಲ್ಲರಿಗೂ ಕೈಮುಗಿದು ಕ್ಷಮೆ ಕೇಳುತ್ತೇವೆ. ದೂರ ಇದ್ದವರಿಗೆ ಕಾರ್ಡು ಹಾಕಲು ಅಪ್ಪ ನನ್ನ ಕೈಯಲ್ಲಿ ವಿಳಾಸ ಬರೆಸುತ್ತಿದ್ದರು. ಮೊದಲ ಕಾರ್ಡು ಯಾವಾಗಲೂ ಬೀಡಿಗೆ. ಅದನ್ನು ಮಾತ್ರ ತಾವೇ ಬರೆದು, ಖಾಸಬಾಗದ ಸಂತೆಗೆ ಹೊರಟಾಗ ತಾವೇ ಡಬ್ಬಿಗೆ ಹಾಕುತ್ತಿದ್ದರು. ಆಮೇಲೆ ಒಂದು ವಾರ ಪೋಸ್ಟಮನ್ ಬರುವ ಹೊತ್ತಿಗೆ ಕಟ್ಟೆಯ ಮೇಲೆ ಇರುತ್ತಿದ್ದರು. ನಿಮ್ಮಿಂದ ಒಂದೂ ಬರಲಿಲ್ಲ.

ಈ ಸಲ ಕ್ಷಮಾವಣಿ ಸೆಪ್ಟೆಂಬರ್ ಕೊನೆಗೆ ಬರುತ್ತದೆ. ಆ ದಿನ ಬಾಗಿಲಿಗೆ ಬಂದವರನ್ನು ನಮ್ಮ ಮನೆಯಲ್ಲಿ ಯಾರೂ ತಿರುಗಿಸಿ ಕಳಿಸುವುದಿಲ್ಲ. ಹೋಗಿ ಕಾಕಾ. ಯಾರದು ಖರೆ ಯಾರದು ಸುಳ್ಳು ಎಂಬುದು ಇನ್ನು ಯಾರಿಗೆ ಬೇಕಾಗಿದೆ? ತಪ್ಪಾಯಿತು ಎಂದು ಒಂದು ಮಾತು ಅನ್ನಿ. ನಿಮ್ಮದಲ್ಲದಿದ್ದರೂ ಅನ್ನಿ. ಅವರು ನೆಮ್ಮದಿಯಿಂದ ಹೋಗಲಿ.

ಸುಹಾಸಿನಿ


ಕಾರ್ಗಿಲ್
20 ಸೆಪ್ಟೆಂಬರ್ 2023

ಕಾಕಾ,

ಇದನ್ನು ಕಾರ್ಗಿಲ್ ಅಂಚೆ ಕಚೇರಿಯ ಬೆಂಚಿನ ಮೇಲೆ ಕುಳಿತು ಬರೆಯುತ್ತಿದ್ದೇನೆ. ಟಪಾಲು ಹೊರಡುವುದರಲ್ಲಿದೆ, ಅಕ್ಷರ ಸಹಿಸಿಕೊಳ್ಳಿ.

ಹೋದ ವಾರ ನಮ್ಮ ಹೊಸ ಬೋರು ಶುರುವಾಯಿತು. ಕೋರು ತುಂಬಲು ಊರಿನ ಹುಸೇನ್ ಎಂಬವನು ಹೊಸದಾಗಿ ಬಂದಿದ್ದ. ನೋಡುತ್ತೇನೆ, ಮೊದಲ ತುಂಡನ್ನು ಪೆಟ್ಟಿಗೆಯ ಬಲತುದಿಗೆ ಇಟ್ಟು ಎಡಕ್ಕೆ ಜೋಡಿಸುತ್ತ ಹೋಗುತ್ತಿದ್ದಾನೆ. ಉಲ್ಟಾ ಯಾಕೆ ಇಡುತ್ತೀ ಎಂದು ಬೈದೆ. ಅವನಿಗೆ ಅಚ್ಚರಿ. ಸಾಲು ಶುರುವಾಗುವುದು ಬಲದಿಂದ ಅಲ್ಲವೇ, ಎಂದು ಕೇಳಿದ. ಅವನು ಶಾಲೆಯಲ್ಲಿ ಕಲಿತದ್ದು ಉರ್ದು, ಕಾಕಾ. ನಾವು ಎಡದಿಂದ ಓದುವವರು, ಪೆಟ್ಟಿಗೆಯನ್ನೂ ಎಡದಿಂದ ತುಂಬುತ್ತೇವೆ, ಎಡದಿಂದಲೇ ನೋಡುತ್ತೇವೆ. ಅದನ್ನು ಯಾರಿಗಾದರೂ ಹೇಳಿಕೊಡಬೇಕು ಎಂದು ನಮಗೆ ಹೊಳೆಯುವುದೇ ಇಲ್ಲ.

ಆಗ ನಿಮ್ಮ ಕಾಗದ ನೆನಪಾಯಿತು. ನಾಗಲಿಂಗ ನಿಮ್ಮ ಜೊತೆ ಇಳಿದಿದ್ದ. ಹಾಗಾದರೆ ನಾಲ್ಕನೇ ಬೋರಿನ ಪೆಟ್ಟಿಗೆ ತುಂಬಿದವರು ಯಾರು?

ಶೆಡ್ಡಿಗೆ ಓಡಿದೆ. ಪೆಟ್ಟಿಗೆ ತೆಗೆದು, ಮೊದಲ ಸಾಲಿನ ಎಡತುದಿಯ ಕಲ್ಲನ್ನೂ ಎರಡನೇ ಸಾಲಿನ ಬಲತುದಿಯ ಕಲ್ಲನ್ನೂ ಎತ್ತಿ ಮುರಿದ ಬಾಯಿಗೆ ಬಾಯಿ ಹಚ್ಚಿದೆ. ಒಡೆದ ಚಹಾದ ಬಶಿಯ ಹೋಳುಗಳ ಹಾಗೆ ಕಚ್ಚಿಕೊಂಡವು. ಎಡದಿಂದ ತುಂಬಿದ್ದರೆ ಮೊದಲ ಸಾಲಿನ ಬಲತುದಿ ಎರಡನೇ ಸಾಲಿನ ಎಡತುದಿಗೆ ಕೂರಬೇಕಿತ್ತು. ಆ ಬೋರಿನ ಎಲ್ಲ ಪೆಟ್ಟಿಗೆಗಳೂ ಹಾಗೇ ಇವೆ, ಉಳಿದ ಬೋರುಗಳ ಒಂದೂ ಹಾಗಿಲ್ಲ. ಊರಿನವರು ಬಲದಿಂದ ತುಂಬಿದ್ದಾರೆ, ನೀವು ಎಡದಿಂದ ಓದಿದ್ದೀರಿ. ದಪ್ಪ ಮರಳು ಮೇಲೆ ಕಂಡದ್ದು ಅದಕ್ಕೆ. ಪದರ ಮಗುಚಿಲ್ಲ.

ಪದರದ ಬಗ್ಗೆ ಅಪ್ಪ ಹೇಳಿದ್ದು ನಿಜ. ನೀವು ಬರೆದದ್ದೂ ನಿಜ. ನೀವು ಒಂದೊಂದು ಕಲ್ಲನ್ನೂ ನೋಡಿಯೇ ಬರೆದಿದ್ದೀರಿ, ನಿಮ್ಮ ಷರಾಗಳನ್ನು ಹಿಡಿದು ತಾಳೆ ನೋಡಿದೆ. ನೀವು ಅಲ್ಲೇ ನಿಂತಿದ್ದರೆ ಈ ತಪ್ಪು ಆಗುತ್ತಲೇ ಇರಲಿಲ್ಲ. ನೀವು ಅಲ್ಲಿ ಇರಲಿಲ್ಲ, ಯಾಕೆಂದರೆ ಅಪ್ಪನನ್ನು ಉಳಿಸಲು ಹೋಗಿದ್ದಿರಿ.

ಈಗಷ್ಟೇ ವಿಪುಲನಿಗೆ ಫೋನು ಮಾಡಿ ಅಪ್ಪನ ಜೊತೆಗೂ ಮಾತಾಡಿದೆ. ಈ ವಿಷಯ ತುಟಿಯ ತನಕ ಬಂದಿತ್ತು, ನುಂಗಿಕೊಂಡೆ. ಇದನ್ನು ಅವರಿಗೆ ನೀವೇ ಹೇಳಬೇಕು. ಸ್ಪೀಡ್ ಪೋಸ್ಟು ಮಾಡುತ್ತಿದ್ದೇನೆ, ಒಂದು ವಾರದಲ್ಲಿ ಮುಟ್ಟುತ್ತದೆ ಎಂದು ಇಲ್ಲಿಯ ಗುಮಾಸ್ತ ಹೇಳಿದ. ಕ್ಷಮಾವಣಿಯ ದಿನ ಈ ಕಾಗದ ಹಿಡಿದುಕೊಂಡು ಹೋಗಿ, ಅವರ ಮಂಚದ ಮೇಲೆ ಕುಳಿತು ದೊಡ್ಡ ದನಿಯಲ್ಲಿ ಓದಿ. ಇಬ್ಬರೂ ಕತ್ತೆಗಳು ಎಂದು ಒಪ್ಪಿಕೊಳ್ಳಿ.

ನಿಮ್ಮ
ಸುಹಾಸಿನಿ


ಬೀಡಿ
1 ಅಕ್ಟೋಬರ್ 2023

ಚಿ. ಸುಹಾಸಿನಿ,

ನಿನ್ನೆ ಹೋಗಿದ್ದೆ.

ನಿನ್ನ ಆಗಸ್ಟಿನ ಕಾಗದವನ್ನು ನನ್ನ ಹೆಂಡತಿ ಗಂಗಾದೇವಿ ನನಗಿಂತ ಹೆಚ್ಚು ಸಲ ಓದಿದಳು. ಅದಾದ ಮೇಲೆ ನಿನ್ನಿಂದ ಏನೂ ಬರಲಿಲ್ಲ. "ಸತ್ತ ಮ್ಯಾಲ ಹೋಗಿ ಯಾರ ಜೋಡಿ ಮಾತಾಡ್ತೀರಿ?" ಎಂದು ದಿನಾ ನನ್ನ ತಾಟಿನ ಮುಂದೆ ಕುಳಿತು ಕೂಗುತ್ತಿದ್ದಳು. ನಿಮ್ಮಪ್ಪನ ಕಾರ್ಡುಗಳನ್ನೆಲ್ಲ ಅವಳು ಕಟ್ಟಿ ಇಟ್ಟಿದ್ದಾಳೆ. ನಾನು ಒಂದನ್ನೂ ಸರಿಯಾಗಿ ಓದಿದವನಲ್ಲ. ಎಲ್ಲರಿಗೂ ಕಳಿಸುವ ಛಾಪಾ ಮಾತು ನನಗೂ ಬಂದಿದೆ ಎಂದು ಬದಿಗಿಡುತ್ತಿದ್ದೆ.

ಖಾನಾಪುರದಲ್ಲಿ ಬಸ್ಸು ಬದಲಿಸಿ ಬೆಳಗಾವಿಗೆ ಹೋಗುವ ತನಕ ಒಂದೇ ಯೋಚನೆ. ಕ್ಷಮೆ ಕೇಳುವುದು ಯಾವುದಕ್ಕೆ? ನಾನು ಮಾಡಿದ್ದೇನು? ತಪ್ಪು ಏನೆಂದು ಹೇಳದೆ ತಪ್ಪಾಯಿತು ಎಂದರೆ ಭೂಪಾಲ ನಂಬುವವನಲ್ಲ, ಬರಿಯ ಉಪಚಾರದ ಮಾತು ಅನ್ನುತ್ತಾನೆ. ಅವನು ಹೊರಟಿದ್ದಾನೆ, ನಾನು ಇನ್ನೂ ಎರಡು ರೊಟ್ಟಿ ಉಣ್ಣುತ್ತೇನೆ. ಇಬ್ಬರಲ್ಲಿ ಒಬ್ಬ ಸುಳ್ಳನಾಗಬೇಕಿದ್ದರೆ ನಾನೇ ಆಗುತ್ತೇನೆ ಎಂದು ನಿಶ್ಚಯ ಮಾಡಿದೆ. ನಿನ್ನದಲ್ಲದಿದ್ದರೂ ಅನ್ನು ಎಂದು ನೀನೂ ಬರೆದಿದ್ದೆ.

ವಿಪುಲ ಒಳಗೆ ಕರೆದುಕೊಂಡು ಹೋದ. ಆ ಗುಡ್ಡದಂಥ ಆಳು ಮಂಚದ ಮೇಲೆ ಇಷ್ಟೇ ಇಷ್ಟು ಆಗಿದ್ದಾನೆ. ಗುರುತು ಹಿಡಿದ. ಕೈ ಚಾಚಿ ನನ್ನ ಮುಖ ಮುಟ್ಟಿ ನೋಡಿದ, ನಕ್ಕ. ಆ ನಗು ನೋಡಿ ನನ್ನ ನಿಶ್ಚಯ ಇನ್ನೂ ಗಟ್ಟಿಯಾಯಿತು. ಅಲ್ಲೇ ಸುಮ್ಮನಾಗಿದ್ದರೆ ಸಾಕಿತ್ತು.

"ಭೂಪ್ಯಾ, ಅವತ್ತ ಮೀಟಿಂಗಿನಾಗ ನೀ ಅಂದಿದ್ದು ಖರೇ. ನಾ ನಾಲ್ಕನೇ ಬೋರಿನ ಕಲ್ಲ ನೋಡಿರಲಿಲ್ಲ. ಡೇರೇದಾಗ ಕುಂತು ಬರದಿದ್ದೆ. ತಪ್ಪಾತು" ಅಂದೆ.

ಅವನ ಕೈ ನನ್ನ ಕೆನ್ನೆಯಿಂದ ಇಳಿಯಿತು. ತುಟಿ ಅಲುಗಿತು, ನನಗೆ ಕೇಳಿಸಲಿಲ್ಲ. ವಿಪುಲ ಬಗ್ಗಿ ಕೇಳಿಕೊಂಡು ನನ್ನ ಕಡೆ ನೋಡಿದ, ಹೇಳಲೋ ಬೇಡವೋ ಎಂಬಂತೆ. ಹೇಳಪಾ ಎಂದೆ. ಆ ಮಾತನ್ನು ಅವನು ನನ್ನ ಕಿವಿಯಲ್ಲಿ ಕೂಗಬೇಕಾಯಿತು. ಹೊರಗೆ ಕ್ಷಮಾವಣಿಗೆ ಬಂದು ಕುಳಿತ ಮಂದಿಗೆಲ್ಲ ಕೇಳಿರಬೇಕು.

"ಅಪ್ಪಾ ಹಿಂಗ ಅನ್ನಾಕತ್ತಾರ್ರೀ: ನೀ ನೋಡೇ ಬರದಿರ್ತಿ ಅಂತ ನಾ ಇಷ್ಟ ವರ್ಷ ನಂಬಿದ್ದೆ, ಬಸು. ನನ್ನ ನಾಲಿಗಿ ತಪ್ಪು ಮಾಡೇತಿ ಅಂತ ಕಾರ್ಡ ಹಾಕಕೋತ ಬಂದೆ."

ಆಮೇಲೆ ಎರಡೂ ಕೈ ಜೋಡಿಸಿದ. ಕ್ಷಮಿಸಿದ, ಇಲ್ಲವೆನ್ನಲಾರೆ. ಹಾಗೇ ಗೋಡೆಯ ಕಡೆ ಹೊರಳಿದ. ನಾನು ಬಹಳ ಹೊತ್ತು ಕುಳಿತೆ, ಅವನು ಈ ಕಡೆ ತಿರುಗಲಿಲ್ಲ. ಗಂಗಾದೇವಿ ಕಟ್ಟಿಕೊಟ್ಟ ಕರದಂಟು ಕೈಚೀಲದಲ್ಲೇ ಉಳಿಯಿತು.

ತಂಗಿ, ನಾಳೆ ಮತ್ತೆ ಹೋಗಿ ನಿನ್ನೆ ಹೇಳಿದ್ದು ಸುಳ್ಳು ಎನ್ನಬೇಕು. ಆದರೆ ನಾನು ಸುಳ್ಳ ಎಂದು ನನ್ನ ಬಾಯಿಂದಲೇ ಕೇಳಿದವನು ಇನ್ನು ನನ್ನ ಯಾವ ಮಾತು ನಂಬುತ್ತಾನೆ? ಕೈಯಲ್ಲಿ ಒಂದು ಸಾಕ್ಷಿಯಾದರೂ ಇದ್ದಿದ್ದರೆ.

ಬಸಲಿಂಗಪ್ಪ


ಬೀಡಿ
9 ಅಕ್ಟೋಬರ್ 2023

ಸುಹಾಸಿನಿ,

ನಿನ್ನ ಸ್ಪೀಡ್ ಪೋಸ್ಟು ಇವತ್ತು ಬಂತು. ಕಾರ್ಗಿಲ್ ಹಾದಿಯ ಘಾಟಿನಲ್ಲಿ ಗುಡ್ಡ ಕುಸಿದು ಟಪಾಲು ನಿಂತಿತ್ತಂತೆ. ಕಲ್ಲಯ್ಯ ಸಹಿ ಮಾಡಿಸಿಕೊಂಡು ಹೋದ.

ಎರಡನೇ ತಾರೀಖು ಬೆಳಿಗ್ಗೆ ನಾನು ಮನೆ ಮುಟ್ಟುವ ಹೊತ್ತಿಗೆ ನಿಮ್ಮಪ್ಪನನ್ನು ಅಂಗಳದಲ್ಲಿ ಮಲಗಿಸಿದ್ದರು. ನಿನಗಾಗಿ ಕಾಯುವುದೋ ಬೇಡವೋ ಎಂದು ಹಿರಿಯರು ಮಾತಾಡುತ್ತಿದ್ದರು. ವಿಪುಲ ನನ್ನನ್ನು ಮುಂದೆ ಕರೆದ. ನಾನು ಗೇಟಿನ ಹತ್ತಿರವೇ ನಿಂತೆ.

ನಿನ್ನ ಕಾಗದವನ್ನು ದೊಡ್ಡ ದನಿಯಲ್ಲಿ ಓದಿದೆ, ನೀನು ಹೇಳಿದ ಹಾಗೆ. ಗಂಗಾದೇವಿ ಕೇಳಿದಳು.

ಬ.


ಹಿಂದವಾಡಿ, ಬೆಳಗಾವಿ
12 ನವೆಂಬರ್ 2023

ಕಾಕಾ,

ನಿಮ್ಮ ಎರಡೂ ಕಾಗದ ಲಾರ್ಮೋ ಸುತ್ತಿ ಈಗ ಇಲ್ಲಿ ಸಿಕ್ಕವು. ನಾನು ಬರುವಾಗ ಅಪ್ಪನ ದಹನವಾಗಿ ಮೂರು ದಿನವಾಗಿತ್ತು. ಅದೇ ಕುಸಿದ ಘಾಟಿನಲ್ಲಿ ನನ್ನ ಜೀಪೂ ನಿಂತಿತ್ತು.

ಹೋದ ಸೋಮವಾರ ನಿಮ್ಮನ್ನು ನೋಡಲು ಹೊರಟೆ. ಖಾನಾಪುರದಲ್ಲಿ ಇಳಿದು ಬೀಡಿ ಬಸ್ಸಿಗೆ ಕಾದೆ. ಬಸ್ಸು ಬಂತು, ಹತ್ತಲಿಲ್ಲ. ನಿಮ್ಮನ್ನು ಬೈಯುತ್ತೇನೋ, ನಿಮ್ಮ ಕಾಲು ಹಿಡಿಯುತ್ತೇನೋ ನನಗೇ ಗೊತ್ತಿರಲಿಲ್ಲ. ಎರಡನ್ನೂ ನಿಮ್ಮ ಕಿವಿಯಲ್ಲಿ ಕೂಗಬೇಕಾಗುತ್ತಿತ್ತು. ತಿರುಗಿ ಬಂದುಬಿಟ್ಟೆ.

ಬೈಯಲು ನನಗೆ ಯಾವ ಮುಖವಿದೆ? ನಿಮ್ಮದಲ್ಲದಿದ್ದರೂ ಅನ್ನಿ ಎಂದು ಬರೆದವಳು ನಾನು. ಫೋನು ಕೈಯಲ್ಲಿತ್ತು, ಅಪ್ಪ ಆ ತುದಿಯಲ್ಲಿದ್ದರು. ಒಂದೇ ಮಾತು ಸಾಕಿತ್ತು. ನಿಮ್ಮ ಬಾಯಿಂದ ಕೇಳಿದರೆ ಚೆಂದ ಎಂದು ನಾನು ಚೆಂದ ನೋಡುತ್ತ ಕುಳಿತೆ. ಕ್ಷಮಾವಣಿಯ ದಿನ ಯಾರೂ ತಪ್ಪಿನ ಹೆಸರು ಹೇಳುವುದಿಲ್ಲ, ಕಾಕಾ. ಕೈ ಮುಗಿದರೆ ಮುಗಿಯಿತು. ನಮ್ಮ ಮನೆಯ ಸಣ್ಣ ಹುಡುಗರಿಗೂ ಅದು ಗೊತ್ತು. ನಿಮಗೂ ಗೊತ್ತಿರುತ್ತದೆ ಎಂದುಕೊಂಡು ಬರೆಯಲಿಲ್ಲ. ಪೆಟ್ಟಿಗೆ ಎಡದಿಂದ ತುಂಬಬೇಕು ಎಂದು ನೀವೂ ಊರಿನವರಿಗೆ ಹೇಳಿರಲಿಲ್ಲವಲ್ಲ.

ದಕ್ಷಿಣದ ಬೋರಿನಲ್ಲಿ ಅದಿರು ಸಿಕ್ಕಿದೆ. ಹಿಮ ಬೀಳುವ ಮೊದಲಿನ ಕೊನೆಯ ವಾರದಲ್ಲಿ, ಹೊಳೆಯುವ ಸೀಸದ ಗಟ್ಟಿ ಪದರ. ಹುಸೇನ್ ಅದನ್ನು ಎಡದಿಂದಲೇ ಜೋಡಿಸಿದ್ದಾನಂತೆ. ಕಂಪನಿಯವರು ಇಲ್ಲಿಗೂ ಪೇಡೆ ಕಳಿಸಿದರು. ನಾನು ತಿನ್ನಲಿಲ್ಲ.

ನೀವು ಬಂದು ಹೋದ ಮೇಲೆ ಅಪ್ಪ ಏನಾದರೂ ಅಂದರೇ ಎಂದು ವಿಪುಲನನ್ನು ಕೇಳಿದೆ. ನೀರು ಕೇಳಿದರಂತೆ, ಕೊಟ್ಟಾಗ ಬೇಡ ಅಂದರಂತೆ.

ಸುಹಾಸಿನಿ


ಬೀಡಿ
19 ಸೆಪ್ಟೆಂಬರ್ 2024

ಭೂಪಾಲ,

ಈ ಕಾರ್ಡು ಹಿಂದವಾಡಿಯ ವಿಳಾಸಕ್ಕೇ ಹಾಕುತ್ತಿದ್ದೇನೆ. ವಿಪುಲ ತೆಗೆದುಕೊಳ್ಳಲಿ, ಸುಹಾಸಿನಿ ಬಂದಿದ್ದರೆ ಓದಲಿ.

ಗಂಗಾದೇವಿ ನಿನ್ನ ಕಾರ್ಡುಗಳ ಕಟ್ಟು ಬಿಚ್ಚಿ ಕೊಟ್ಟಳು. ಎಲ್ಲ ಓದಿದೆ. ಎಲ್ಲದರಲ್ಲೂ ಒಂದೇ ಮಾತು, ಒಂದಕ್ಷರ ಆಚೀಚೆ ಇಲ್ಲ. ಅದನ್ನೇ ನೋಡಿಕೊಂಡು ಇಲ್ಲಿ ಬರೆಯುತ್ತಿದ್ದೇನೆ. ಈ ಸಲ ನೋಡಿಯೇ ಬರೆಯುತ್ತಿದ್ದೇನೆ, ಖರೇ.

ತಿಳಿದೋ ತಿಳಿಯದೆಯೋ ನನ್ನಿಂದ ಆದದ್ದಕ್ಕೆ ಕ್ಷಮೆ ಇರಲಿ.

ಉತ್ತರ ಹಾಕಬೇಡ. ನಾನೂ ನಿನಗೆ ಹಾಕಿರಲಿಲ್ಲ.

ಬಸು